ಈರುಳ್ಳಿ ಬೇರಿಗೊಂದು ಹುಸಿ ರೌಟರ್

ವೈಫೈ ಅಲೆಯಿಂದ ಈರುಳ್ಳಿ ಬೇರು ಕೆಡುತ್ತದಾ ಅಂತ ನೋಡುವ ನನ್ನ ಪ್ರಯೋಗದ ಗಂಟು ಕೊನೆಗೂ ಬಿಚ್ಚಿತು. ವೈಫೈ ರೌಟರ್ ಪಕ್ಕ ನೀರಿನ ಲೋಟದಲ್ಲಿ ಇಟ್ಟ ಈರುಳ್ಳಿಯ ಬೇರು ಪ್ರತಿ ಸಲವೂ ಗಿಡ್ಡ, ತುದಿ ಕಂದು. ಸ್ಲೈಡ್ ಮಾಡಿ ನೋಡಿದರೆ ವಿಭಜನೆಯಲ್ಲಿರುವ ಕೋಶಗಳೂ ಕಮ್ಮಿ. ಒಳಕೋಣೆಯ ಈರುಳ್ಳಿ ಮಾತ್ರ ಬೆಳ್ಳಗೆ, ಸೊಂಪಾಗಿ ಬೇರು ಬಿಡುತ್ತಿತ್ತು.

ಇಷ್ಟಕ್ಕೇ ರೌಟರಿನ ರೇಡಿಯೋ ಅಲೆಯ ಮೇಲೆ ಗೂಬೆ ಕೂರಿಸಬಹುದು. 2013ರಲ್ಲಿ ಡೆನ್ಮಾರ್ಕಿನ ಶಾಲಾ ಹುಡುಗಿಯರು ರೌಟರ್ ಪಕ್ಕ ಆಳ್ವಿ ಬೀಜ ಬಿತ್ತಿದ್ದು ನೆನಪಿದೆಯಲ್ವಾ? ಇಲ್ಲಿ ಪುಣೆಯಲ್ಲಿ ಲಾಡು ಮಾಡುತ್ತಾರಲ್ಲ, ಅದೇ ಬೀಜ. ಮೊಳಕೆ ಸರಿಯಾಗಿ ಬರಲಿಲ್ಲ ಅಂತ ಜಗತ್ತೆಲ್ಲ ಸುದ್ದಿಯಾಯಿತು. ರೌಟರಿನ ಬಿಸಿಗೆ ತಟ್ಟೆ ಒಣಗಿರಬಹುದು ಎಂಬ ಆಕ್ಷೇಪವೂ ಹಿಂದೆಯೇ ಬಂತು. ಆ ಹುಡುಗಿಯರು ಕೇಳಿದ ಪ್ರಶ್ನೆ ಒಳ್ಳೆಯದೇ. ಬಿಸಿಯನ್ನೂ ಅಲೆಯನ್ನೂ ಬೇರೆ ಮಾಡುವುದೇ ಕಷ್ಟ.

ಬೇರು ಬಿಡಿಸುವುದು, ಫಿಕ್ಸ್ ಮಾಡುವುದು (ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವುದು), ಆಸಿಡ್, ಬಣ್ಣ, ಒತ್ತುವುದು ಎಲ್ಲ ಸ್ಲೈಡ್ ಮಾಡುವವರಿಗೆ ಗೊತ್ತಿರುವುದೇ. 1938ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲೆವಾನ್ ಈರುಳ್ಳಿ ಬೇರಿನ ಮೇಲೆ ಕೋಶ ವಿಭಜನೆ ತಡೆಯುವ ಕಾಲ್ಚಿಸಿನ್ ಎಂಬ ರಾಸಾಯನಿಕದ ಪರೀಕ್ಷೆ ಮಾಡಿದಾಗಿನಿಂದ ಇದು ಹಳೇ ದಾರಿ. ಬರೀ 16 ಕ್ರೋಮೋಸೋಮ್, ಒಂದೊಂದೂ ದಪ್ಪ, ಎಣಿಸಲು ಆರಾಮ. ಈ ಸಲ ಬಂದ ಅಸಿಟೋಕಾರ್ಮೈನ್ ಬಣ್ಣದ ಬಾಟಲಿಯ ತಳದಲ್ಲಿ ಕೆಂಪು ಗಸಿ ಇತ್ತು, ಸೋಸಿದೆ. ಅಂಗಡಿಯವರಿಗೆ ಹೇಳಿದರೆ "ಅಲುಗಾಡಿಸಿ ಬಳಸಿ" ಅಂದರು. ದಯವಿಟ್ಟು ಅಲುಗಾಡಿಸಬೇಡಿ. ಆ ಕಣಗಳೇ ಸ್ಲೈಡಿನಲ್ಲಿ ಕ್ರೋಮೋಸೋಮ್ ಚೂರುಗಳ ಹಾಗೆ ಕಾಣುತ್ತವೆ.

ಈರುಳ್ಳಿಯೂ ಸತಾಯಿಸಿತು. ಮಾರ್ಕೆಟ್ ಯಾರ್ಡಿನ ಒಂದು ಚೀಲದಲ್ಲಿ ಒಂದೂ ಸರಿಯಾಗಿ ಬೇರು ಬಿಡಲಿಲ್ಲ. ಅಲ್ಲಿನ ಇಂಡಿ ಕಡೆಯ ಹಮಾಲರೊಬ್ಬರು, "ಸರ್, ಚಾಳ್‌ನ್ಯಾಗ ಇಟ್ಟದ್ದು ತಗೋರಿ, ಅದು ತಾನಾಗೇ ಮೊಳಕಿ ಒಡಿತದ" ಅಂದರು. ಚಾಳ್ ಅಂದರೆ ಈರುಳ್ಳಿ ಕೂಡಿಡುವ ಗಾಳಿಯಾಡುವ ಕೊಟ್ಟಿಗೆ. ಅವರ ಮಾತು ನಿಜವಾಯಿತು. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳೆಯದಿರಲಿ ಎಂದು ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸುವ, ಭಾಭಾ ಅಣು ಸಂಶೋಧನಾ ಕೇಂದ್ರ ಕಟ್ಟಿದ ಘಟಕವೂ ಇದೆ. ನಮ್ಮ ಪ್ರಯೋಗಕ್ಕೆ ಅಂಥ ಈರುಳ್ಳಿ ಬಂದರೆ ಕಥೆ ಮುಗಿದಂತೆ. ಕೊಳ್ಳುವಾಗ ಕೇಳಿ.

ಈಗ ಬಿಸಿಯ ವಿಷಯ. ರೌಟರ್ ಪಕ್ಕದ ಲೋಟದ ನೀರು 31 ಡಿಗ್ರಿ, ಒಳಕೋಣೆಯದು 28. ಕಾರಣ ಸರಳ. ಅಡಾಪ್ಟರಿನಿಂದ ಒಳಗೆ ಹೋಗುವುದು ಕೆಲವು ವ್ಯಾಟ್. ಅಲೆಯಾಗಿ ಹೊರಬರುವುದು ಸುಮಾರು 100 ಮಿಲಿವ್ಯಾಟ್. ಉಳಿದದ್ದೆಲ್ಲ ಬಿಸಿ. 2.4 ಗಿಗಾಹರ್ಟ್ಸ್ ಅಲೆಯ ಒಂದು ಫೋಟಾನಿನ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದಲ್ಲೊಂದು ಪಾಲು. ಗಾಮಾ ಕಿರಣದ ಹಾಗೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಡಿಎನ್‌ಎ ಮುರಿಯುವ ತಾಕತ್ತು ಅದಕ್ಕಿಲ್ಲ. ಹಾಗಂತ ಪ್ರಶ್ನೆ ಮುಗಿದಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ಅಲೆಗಳನ್ನು "ಕ್ಯಾನ್ಸರ್ ತರುವಂಥದ್ದು ಇರಬಹುದು" ಎನ್ನುವ 2ಬಿ ಗುಂಪಿಗೆ ಸೇರಿಸಿತು. ಅದಕ್ಕೇ ನಾವೂ ಅಳತೆ ಸರಿಯಾಗಿ ಮಾಡಬೇಕು.

ಬಿಸಿ ತಗ್ಗಿಸಲು ಫ್ಯಾನ್ ಇಟ್ಟರೆ ನೀರು ಬೇಗ ಆರುತ್ತದೆ. ಅಲೆ ತಡೆಯಲು ಲೋಹದ ಜಾಲರಿ ಸುತ್ತಿದರೆ ಗಾಳಿ, ಬೆಳಕು ಬದಲಾಗುತ್ತವೆ. ಉಳಿದ ದಾರಿ ಒಂದೇ: ಅದೇ ಮಾದರಿಯ ಇನ್ನೊಂದು ರೌಟರ್, ಆದರೆ ಆಂಟೆನಾ ಬಿಚ್ಚಿ ಆ ಜಾಗದಲ್ಲಿ ಅಲೆಯನ್ನು ನುಂಗಿಕೊಳ್ಳುವ 50 ಓಮ್ ಡಮ್ಮಿ ಲೋಡ್. ಪೆಟ್ಟಿಗೆ ಅಷ್ಟೇ ಬಿಸಿಯಾಗುತ್ತದೆ, ಅಲೆ ಮಾತ್ರ ಹೆಚ್ಚುಕಮ್ಮಿ ಒಳಗೇ ಸಾಯುತ್ತದೆ.

ಇಲ್ಲೇ ತಿಂಗಳುಗಟ್ಟಲೆ ಸಿಕ್ಕಿಬಿದ್ದೆ. ರೌಟರಿನಲ್ಲಿ ಆಂಟೆನಾ ಕೂರುವ ಕನೆಕ್ಟರ್ ಆರ್‌ಪಿ-ಎಸ್‌ಎಂಎ ಜಾತಿಯದು, ಅಂದರೆ ಹೊರಗೆ ತಿರುಪಿನ ಸುತ್ತು, ನಡುವೆ ಪಿನ್. ಪೇಟೆಯಲ್ಲಿ ಸಿಗುವ ಲೋಡ್ ಮಾಮೂಲಿ ಎಸ್‌ಎಂಎ, ಅದರಲ್ಲೂ ಪಿನ್. ಪಿನ್ನಿಗೆ ಪಿನ್ ಎದುರಾಗಿ ಮುಂದೆ ಹೋಗುವುದೇ ಇಲ್ಲ. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಒಬ್ಬರು ಇಕ್ಕಳ ಹಿಡಿದು ತಿರುಗಿಸಲು ಬಂದೇಬಿಟ್ಟರು, ಕೈ ಹಿಡಿದು ನಿಲ್ಲಿಸಿದೆ. ಆನ್‌ಲೈನ್ ವ್ಯಾಪಾರಿ ಬದಲಿ ಕಳಿಸಿದ್ದೂ ಮತ್ತೆ ಅದೇ. ಕೊನೆಗೆ ಎರಡನ್ನೂ ಜೋಡಿಸುವ ಸಣ್ಣ ಅಡಾಪ್ಟರ್ ಸಿಕ್ಕಿತು, ಲೋಡ್ ಕೂತಿತು.

ಸುಮ್ನೆ ಕೂತ ರೌಟರ್ "ನಾನಿಲ್ಲಿದ್ದೇನೆ" ಎನ್ನುವ ಪುಟ್ಟ ಸಂಕೇತ, ಅಂದರೆ ಬೀಕನ್, ಸೆಕೆಂಡಿಗೆ ಸುಮಾರು ಹತ್ತು ಅಷ್ಟೇ ಬಿಡುತ್ತದೆ. ಹಾಗಾಗಿ ಅಸಲಿ ರೌಟರಿನಿಂದ ಪಕ್ಕದ ಕೋಣೆಯ ಲ್ಯಾಪ್‌ಟಾಪಿಗೆ ದೊಡ್ಡ ಫೈಲು ಹರಿಸುತ್ತಲೇ ಇದ್ದೆ. ಹುಸಿಯದಕ್ಕೆ ಕೇಬಲ್ ಮೂಲಕ ಕೆಲಸ ಕೊಟ್ಟು ಎರಡೂ ಲೋಟದ ತಾಪ ಸಮ ಮಾಡಿದೆ. ಅತ್ತಿಗೆ ಸ್ಲೈಡುಗಳ ಹೆಸರು ಮರೆಸಿ ಬರೀ ನಂಬರ್ ಚೀಟಿ ಅಂಟಿಸಿದರು. ಎಣಿಸಿ ಮುಗಿಸಿದ ಮೇಲೆ ಚೀಟಿ ಬಿಚ್ಚಿದೆವು. ಹುಸಿ ರೌಟರ್ ಪಕ್ಕದ ಬೇರೂ ಅಷ್ಟೇ ಗಿಡ್ಡ, ಅಷ್ಟೇ ಕಂದು! ಕೋಶಗಳ ಎಣಿಕೆಯಲ್ಲೂ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಾರಣ ಅಲೆಯಲ್ಲ, ಬಿಸಿಯೇ ಇರಬೇಕು. ಅತ್ತಿಗೆ ಚಪ್ಪಾಳೆ ತಟ್ಟಿದರು.

ಅಂದಹಾಗೆ, ಲೋಡಿನಿಂದ ಅಲೆ ಸೋರುತ್ತಿದೆಯಾ ಅಂತ ನೋಡಲು ತಂದ ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರೇಡಿಯೋ) ಸುಮಾರು 1.7 ಗಿಗಾಹರ್ಟ್ಸ್‌ವರೆಗೆ ಮಾತ್ರ ಕೇಳುತ್ತದೆ. ವೈಫೈಗೆ ಉಪಯೋಗವಿಲ್ಲ. ಆದರೆ ಆಕಾಶದ ಹೈಡ್ರೋಜನ್ ಹೊರಸೂಸುವ 1420 ಮೆಗಾಹರ್ಟ್ಸ್ ಅಲೆಗೆ ಹೇಳಿ ಮಾಡಿಸಿದ್ದು! ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ 45 ಮೀಟರಿನ ಡಿಶ್‌ಗಳ ದೊಡ್ಡ ರೇಡಿಯೋ ದೂರದರ್ಶಕವೇ ಇದೆ. ಮಳೆ ನಿಂತ ಮೇಲೆ ತಗಡಿನ ಕೊಳವೆಯ ಆಂಟೆನಾ ಮಾಡಿ ತಾರಸಿಯಿಂದ ಆಕಾಶಗಂಗೆ ಕೇಳುವ ಆಸೆ.

ಅದಕ್ಕೂ ಮುಂಚೆ ಈರುಳ್ಳಿಯ ಮುಂದಿನ ಸುತ್ತು. ಬಿಸಿ ಇಷ್ಟು ಜೋರಾಗಿದ್ದರೆ ಅಲೆಯ ಸಣ್ಣ ಪರಿಣಾಮ ಇದ್ದರೂ ಮುಚ್ಚಿಹೋಗುತ್ತದೆ. ಆದ್ದರಿಂದ ರೌಟರನ್ನು ಹೊರಗಿಟ್ಟು ಆಂಟೆನಾ ಮಾತ್ರ ಕೇಬಲ್ ಮೂಲಕ ಲೋಟದ ಪಕ್ಕ ತರುತ್ತೇನೆ. ತೆಳು ಕೇಬಲ್ ಅಲೆಯ ಬಲದಲ್ಲಿ ಮೀಟರಿಗೆ ಸುಮಾರು 2 ಡೆಸಿಬೆಲ್ ನುಂಗುತ್ತದೆ, ಅದಕ್ಕೇ ಅರ್ಧ ಮೀಟರ್ ಸಾಕು. ಎರಡೂ ತುದಿ ಆರ್‌ಪಿ-ಎಸ್‌ಎಂಎ ಇರುವ ಕೇಬಲ್ ಪುಣೆಯಲ್ಲಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಪಿನ್ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ.