ಅಮ್ಮ ಒಳಗೆ, ನಾನು ಫುಟ್‌ಪಾತಿನಲ್ಲಿ

ಚೆನ್ನೈನ ಜೆಮಿನಿ ಫ್ಲೈಓವರ್ ಪಕ್ಕದ ಫುಟ್‌ಪಾತಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಒಂದು ಸಂಗತಿ ಗೊತ್ತಾಗಿಬಿಡುತ್ತದೆ. ಅಮೆರಿಕದ ದೂತಾವಾಸದಿಂದ ಹೊರಬರುವವರ ಮುಖ ನೋಡಬೇಕಾಗಿಲ್ಲ, ಕೈ ನೋಡಬೇಕು. ವೀಸಾ ಆದವರ ಪಾಸ್‌ಪೋರ್ಟ್ ಒಳಗೇ ಉಳಿಯುತ್ತದೆ. ಆಗದವರು ಪಾಸ್‌ಪೋರ್ಟನ್ನೂ ಜೊತೆಗೊಂದು ಚೀಟಿಯನ್ನೂ ಹಿಡಿದು ಬರುತ್ತಾರೆ. 2024ರ ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಹಾಗೆ ಕೈಗಳನ್ನೇ ನೋಡುತ್ತ ನಿಂತಿದ್ದೆ. ಒಳಗೆ ಅಮ್ಮ ಒಬ್ಬಳೇ ಇದ್ದಳು.

ಅರ್ಜಿ ಹಾಕಿದ್ದು 2022ರ ಕೊನೆಗೆ, ಅಕ್ಕನ ಬಾಣಂತನಕ್ಕೆಂದು. ಕೊರೊನಾ ಕಾಲದಲ್ಲಿ ನಿಂತುಹೋಗಿದ್ದ ಅರ್ಜಿಗಳು ರಾಶಿ ಬಿದ್ದಿದ್ದವು. ಮೊದಲ ಸಲ ಪ್ರವಾಸಿ ವೀಸಾ ಕೇಳುವವರು ಸಂದರ್ಶನಕ್ಕೆ ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು. ನಮ್ಮ ಸರದಿ ಬರುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿತ್ತು. ಅಮ್ಮ ಮಾಡಿಟ್ಟಿದ್ದ ಬಾಣಂತಿ ಲೇಹ್ಯವನ್ನು ಯಾರೋ ಹೋಗುವವರ ಕೈಯಲ್ಲಿ ಕಳಿಸಿ ಆಗಿತ್ತು.

ಅಮ್ಮನಿಗೆ 66. ತೀರ್ಥಹಳ್ಳಿಯ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಅವಳು ತೋಟದಲ್ಲಿ ಮಾಡದ ಕೆಲಸವಿಲ್ಲ, ಆದರೆ ಹೊರಗಿನವರು ಏನು ಕೇಳಿದರೂ ಉತ್ತರ ಹೇಳುವವರು ಅಪ್ಪ. ಅವಳ ಮಂಡಿನೋವನ್ನು ಡಾಕ್ಟರಿಗೆ ವಿವರಿಸುವುದೂ ಅಪ್ಪನೇ. ಅಂಥವಳು ಗಾಜಿನ ಆಚೆಗಿರುವ ಅಧಿಕಾರಿಯ ಎದುರು ಒಬ್ಬಳೇ ನಿಂತು ಮಾತಾಡಬೇಕಿತ್ತು. 'ಇವಳ ಬದಲು ನೀನೇ ಹೇಳಿದ್ರೆ ಆಗಲ್ವಾ?' ಎಂದು ಅಪ್ಪ ನನ್ನನ್ನು ನಾಲ್ಕು ಸಲ ಕೇಳಿದರು. ಆಗುವುದಿಲ್ಲ. ಆಗಿನ ನಿಯಮದಲ್ಲಿ 14 ವರ್ಷದೊಳಗಿನವರಿಗೂ 79 ದಾಟಿದವರಿಗೂ ಸಾಮಾನ್ಯವಾಗಿ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರಿನಿಂದ ಅದನ್ನೂ ತೆಗೆದರು. ನಡೆಯಲು ಕಷ್ಟಪಡುವ ಎಂಬತ್ತು ದಾಟಿದ ಜೀವವನ್ನು ಮಲೆನಾಡಿನಿಂದ ಚೆನ್ನೈಗೆ ಕರೆಸಿಕೊಳ್ಳುವುದು ನನಗೆ ಈಗಲೂ ಸರಿ ಕಾಣುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ದೂತಾವಾಸ ಉದ್ಘಾಟನೆಯಾದಾಗ ಆಸೆ ಹುಟ್ಟಿತ್ತು, ಆದರೆ ವೀಸಾ ಕೆಲಸ ಆಗ ಅಲ್ಲಿ ಶುರುವಾಗಲಿಲ್ಲ.

ಊರಿನಲ್ಲಿ ಒಬ್ಬರು ತಿಳಿದವರು ಬುದ್ಧಿ ಹೇಳಿದರು: ಮೊಮ್ಮಗು ಅಂತ ಬಾಯಿ ಬಿಡಬೇಡಿ, ಮಗು ನೋಡಿಕೊಳ್ಳಲು ಅಲ್ಲೇ ಉಳಿದುಬಿಡ್ತೀರಿ ಅಂದುಕೊಳ್ತಾರೆ, ನಯಾಗರ ನೋಡಲಿಕ್ಕೆ ಅನ್ನಿ. ಅವರ ಹೆದರಿಕೆಗೂ ಬುಡವಿತ್ತು. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳುವವರನ್ನು ಅಲ್ಲೇ ನೆಲೆಸಲು ಹೊರಟವರೆಂದೇ ಮೊದಲು ಭಾವಿಸಲಾಗುತ್ತದೆ. ಹಾಗಲ್ಲ, ವಾಪಸ್ ಬರುತ್ತೇನೆ ಎಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದೇ.

ಎರಡು ದಿನ ಕೂರಿಸಿ ಹೇಳಿಕೊಟ್ಟೆ. 'ನಯಾಗರ' ಅನ್ನುವಾಗೆಲ್ಲ ಅಮ್ಮನ ತಲೆ ತಗ್ಗುತ್ತಿತ್ತು. ಮೂರನೇ ದಿನ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. 'ಅಲ್ಲ ಮಾರಾಯ್ತಿ, ನೀರು ಬೀಳೋದು ನೋಡ್ಲಿಕ್ಕಾದ್ರೆ ಜೋಗ ಇಲ್ಲೇ ಇದೆ. ನಾನು ಹೋಗೋದು ಮೊಮ್ಮಗಳನ್ನ ನೋಡ್ಲಿಕ್ಕೆ. ಅದನ್ನೇ ಹೇಳ್ತೀನಿ.' ನನಗೆ ನಾಚಿಕೆಯಾಯಿತು. ಸುಳ್ಳು ಹೇಳುವುದನ್ನು ಕಲಿಸಲು ಹೊರಟಿದ್ದೆನಲ್ಲ, ಅದೂ ಅಮ್ಮನಿಗೆ.

ಸಂದರ್ಶನದ ಹಿಂದಿನ ದಿನ ಬೇರೊಂದು ಕೇಂದ್ರದಲ್ಲಿ ಫೋಟೊ, ಹತ್ತೂ ಬೆರಳಿನ ಗುರುತು. ವರ್ಷಗಟ್ಟಲೆ ಅಡಿಕೆ ಸುಲಿದ ಬೆರಳುಗಳಲ್ಲಿ ಗೆರೆ ಸವೆದುಹೋಗಿದೆ. ಆಧಾರ್ ಮಾಡಿಸುವಾಗಲೂ ಇದೇ ಕಷ್ಟವಾಗಿತ್ತು. ಯಂತ್ರ ಮೂರು ಸಲ ಬೇಡವೆಂದಿತಂತೆ. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಒರೆಸಿ, ತನ್ನ ಕೈಯಿಂದ ಮೆಲ್ಲಗೆ ಒತ್ತಿ ಹಿಡಿದಳಂತೆ. 'ನಮ್ಮನೆ ಹುಡುಗಿ ಹಾಗೆ' ಎಂದು ಆ ರಾತ್ರಿಯೆಲ್ಲ ಅಮ್ಮ ಅದನ್ನೇ ಹೇಳಿದಳು.

ಮರುದಿನ ಒಳಗೆ ಮೊಬೈಲ್ ಬಿಡುವುದಿಲ್ಲ, ಬ್ಯಾಗೂ ಇಲ್ಲ. ಪಹಣಿ, ಬ್ಯಾಂಕ್ ಪಾಸ್‌ಬುಕ್, ಅಕ್ಕ ಬರೆದ ಆಹ್ವಾನಪತ್ರ ಎಲ್ಲವನ್ನೂ ತುಂಬಿದ ಫೈಲ್ ಹಿಡಿದು ಸಾಲಿನಲ್ಲಿ ನಿಂತ ಅಮ್ಮ ಒಂದು ಸಲ ತಿರುಗಿ ನೋಡಿ ಬಾಗಿಲೊಳಗೆ ಮರೆಯಾದಳು.

ಎರಡು ಗಂಟೆ ಕಳೆದ ಮೇಲೆ ಬಂದಳು. ಫೈಲನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದಳು. ಅದರೊಳಗೆ ಪಾಸ್‌ಪೋರ್ಟ್ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ.

'ಪಾಸ್‌ಪೋರ್ಟ್ ಎಲ್ಲಮ್ಮಾ?'

'ಅವರೇ ಇಟ್ಕೊಂಡ್ರು. ನಾನು ವಾಪಸ್ ಕೇಳ್ಲಿಲ್ಲ. ಕೇಳ್ಬೇಕಿತ್ತಾ?'

ನನಗೆ ಅಳು ಬಂತು. ಅವಳು ಗಾಬರಿಯಾಗಿ ನನ್ನ ಬೆನ್ನು ಸವರತೊಡಗಿದಳು.

ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಎಲ್ಲ ಹೇಳಿದಳು. ಮೂರೇ ನಿಮಿಷದ ಮಾತಂತೆ. ಫೈಲನ್ನು ಯಾರೂ ತೆರೆದು ನೋಡಲಿಲ್ಲ. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಪಕ್ಕದಲ್ಲಿದ್ದವರು ಕನ್ನಡದಲ್ಲಿ ಹೇಳಿದರು. ಯಾಕೆ ಹೋಗುತ್ತೀರಿ? ಮೊಮ್ಮಗಳನ್ನು ಇನ್ನೂ ಎತ್ತಿಕೊಂಡಿಲ್ಲ, ಅದಕ್ಕೆ. ಯಜಮಾನರು ಬರುವುದಿಲ್ಲವೇ? ಅವರು ಬಂದರೆ ತೋಟಕ್ಕೆ ನೀರು ಬಿಡುವವರಿಲ್ಲ. ಎಷ್ಟು ದಿನ ಇರುತ್ತೀರಿ?

'ಮೇ ತಿಂಗಳ ಕೊನೆಗೆ ನಾನು ಮನೇಲಿರ್ಬೇಕು ಅಂದೆ. ಮಳೆ ಹಿಡಿಯೋದ್ರೊಳಗೆ ಅಡಿಕೆ ಗೊನೆಗೆ ಔಷಧಿ ಹೊಡೆಸ್ದಿದ್ರೆ ಕೊಳೆರೋಗ ಬರುತ್ತೆ, ಇವರೊಬ್ಬರ ಕೈಲಿ ಆಗಲ್ಲ ಅಂದೆ.'

'ಅದನ್ನ ನಾನು ಹೇಳಿಕೊಟ್ಟೇ ಇರ್ಲಿಲ್ವಲ್ಲಮ್ಮ!'

'ಹೇಳಿಕೊಡೋದೆಂತ ಮಾರಾಯ್ತಿ, ಮಳೆಗಾಲ ಬರಲ್ವಾ?' ಎಂದು ಅಮ್ಮ ಅಪ್ಪನಿಗೆ ಫೋನ್ ಹಚ್ಚಿಕೊಡಲು ಹೇಳಿದಳು.