ಕೊನೆಕೊಯ್ಲಿನ ಕಾಲದ ಒಂದು ಬೆಳಗು

14 ಡಿಸೆಂಬರ್ 2024, ಶನಿವಾರ
ಶಿರಸಿ ಸೀಮೆ

ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದ ಮೇಲೆ ನಮ್ಮ ಮನೆಯ ಬೆಳಗು ಒಂದು ಗಂಟೆ ಹಿಂದಕ್ಕೆ ಸರಿದಿದೆ. ಮಾವನವರು ಐದು ಗಂಟೆಗೇ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುತ್ತಾರೆ. ಹೋದ ವರ್ಷದ ಅಡಿಕೆ ಸಿಪ್ಪೆ ಮತ್ತು ತೋಟದಲ್ಲಿ ಬಿದ್ದ ಹಾಳೆಯೇ ಉರುವಲು. ಹಂಡೆಯ ನೀರು ಕಾಯುವಷ್ಟರಲ್ಲಿ ಅತ್ತೆಯವರು ಕಷಾಯ ಕುದಿಸಿರುತ್ತಾರೆ. ಇಂದು ಶನಿವಾರ, ಮಕ್ಕಳಿಗೆ ಬೆಳಗಿನ ಶಾಲೆ; ಆದ್ದರಿಂದ ಎಲ್ಲ ಕೆಲಸವೂ ಇನ್ನಷ್ಟು ಬೇಗ ಆಗಬೇಕಿತ್ತು.

ನನ್ನ ಪಾಲಿನ ಕೆಲಸ ಕೊಟ್ಟಿಗೆಯದು. ನಮ್ಮಲ್ಲಿ ಈಗ ಐದು ರಾಸುಗಳಿವೆ, ಎಲ್ಲವೂ ಮಲೆನಾಡು ಗಿಡ್ಡ ತಳಿಯವು. ಹಾಲು ಕೊಡುವವು ಗೌರಿ ಮತ್ತು ತುಂಗೆ ಮಾತ್ರ. ಗೌರಿಯು ಕರು ಬಂದು ಕೆಚ್ಚಲಿಗೆ ಬಾಯಿ ಹಾಕದೆ ಹಾಲಿಳಿಸುವುದಿಲ್ಲ, ಹಿಂಡಿ ಬೆರೆಸಿದ ಅಕ್ಕಚ್ಚನ್ನು (ಅಕ್ಕಿ ತೊಳೆದ ನೀರು) ಮುಂದಿಡದೆ ತುಂಗೆ ನಿಲ್ಲುವುದಿಲ್ಲ. ಎರಡೂ ಸೇರಿ ಬೆಳಗಿನ ಹೊತ್ತು ಕೊಡುವ ಹಾಲು ಒಂದೂವರೆ ಲೀಟರಿನ ಆಸುಪಾಸು. ಕರುಗಳ ಪಾಲನ್ನು ಕೆಚ್ಚಲಲ್ಲೇ ಬಿಟ್ಟು ಏಳುವುದು ಈ ಮನೆಗೆ ಬಂದಾಗ ಅತ್ತೆಯವರು ನನಗೆ ಮೊದಲು ಕಲಿಸಿದ ಪಾಠ, ಮತ್ತು ಅದನ್ನು ನಾನು ಎಂದೂ ಬಿಡುವವಳಲ್ಲ.

ಕರೆದಾದ ಮೇಲೆ ಸಗಣಿ ಬಾಚಿ, ರಾತ್ರಿಯ ಸೊಪ್ಪನ್ನು ಗಂಜಲ ಹೀರಿದ ಹಾಗೆಯೇ ಎಳೆದು ಗೊಬ್ಬರಗುಂಡಿಗೆ ಹಾಕಿ, ಬೆಟ್ಟದಿಂದ ತಂದ ಹೊಸ ಸೊಪ್ಪನ್ನು ಹಾಸುತ್ತೇನೆ. ಸಗಣಿಯ ಒಂದು ಭಾಗ ಗೋಬರ್ ಗ್ಯಾಸಿನ ತೊಟ್ಟಿಗೆ ಹೋಗುತ್ತದೆ. ಒಂದು ಬಕೆಟ್ ಸಗಣಿಗೆ ಒಂದು ಬಕೆಟ್ ನೀರು ಸೇರಿಸಿ, ಗಂಟಿಲ್ಲದಂತೆ ಕಲಸಿ, ಕಸಕಡ್ಡಿ ಹೆಕ್ಕಿ ಬಿಡಬೇಕು. ನಮ್ಮದು 2 ಘನ ಮೀಟರಿನ ಸ್ಥಾವರ. ಅದು ತುಂಬು ಅನಿಲ ಕೊಡಲು ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಗಿಡ್ಡ ದನಗಳಿಂದ ಅಷ್ಟು ಸಿಗುವುದಿಲ್ಲ, ಮೇಲಾಗಿ ಚಳಿಗೆ ಗುಂಡಿ ತಣ್ಣಗಾಗಿ ಅನಿಲವೂ ಕಡಿಮೆ. ಆದ್ದರಿಂದ ಈ ದಿನಗಳಲ್ಲಿ ಗ್ಯಾಸು ತೆಳ್ಳೇವು (ತೆಳು ದೋಸೆ) ಎರೆಯುವುದಕ್ಕೆ, ಅನ್ನ ಕಟ್ಟಿಗೆಯ ಒಲೆಗೆ.

ನಿನ್ನೆ ಸಂಜೆ ಸಂಬಂಧಿಕರೊಬ್ಬರು ಬಂದಿದ್ದರು. “ಇಷ್ಟು ಹಾಲಿಗಾಗಿ ಇಷ್ಟೊಂದು ಕಷ್ಟ ಯಾಕೆ? ಪೇಟೆಯಿಂದ ಪ್ಯಾಕೆಟ್ ತರಿಸಿದರೆ ಆಗದೇ?” ಎಂದು ಕೇಳಿದರು. ಮಾವನವರು ನಕ್ಕು ಸುಮ್ಮನಾದರು. ನನಗೆ ಮಾತ್ರ ಆ ಪ್ರಶ್ನೆ ಬೆಳಗಿನವರೆಗೂ ಉಳಿಯಿತು. ಹಾಲಿನ ಲೆಕ್ಕದಿಂದ ನೋಡಿದರೆ ಅವರು ಹೇಳಿದ್ದು ಸರಿ. ಆದರೆ ದನ ನಮ್ಮ ತೋಟದ ಲೆಕ್ಕಕ್ಕೆ ಸೇರಿದ್ದು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ ಮತ್ತು 12 ಕಿಲೋ ಕೊಟ್ಟಿಗೆ ಗೊಬ್ಬರ ಕೊಡಬೇಕೆಂದು ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುತ್ತದೆ. ಎಕರೆಗೆ 550 ಮರವೆಂದು ಹಿಡಿದರೆ ಗೊಬ್ಬರವೊಂದೇ ಆರೂವರೆ ಟನ್ನಿಗೂ ಹೆಚ್ಚು. ಅದನ್ನು ಲಾರಿಯಲ್ಲಿ ಕೊಂಡು ತರಿಸಬಹುದು, ತರಿಸುವವರೂ ಇದ್ದಾರೆ. ಆದರೆ ಯಾವ ಊರಿನ ಯಾವ ಕಸ, ಯಾವ ರೋಗ ಅದರೊಡನೆ ತೋಟಕ್ಕೆ ಇಳಿಯುತ್ತದೆಂದು ಹೇಳುವವರಾರು? ತೋಟದ ಎಕರೆಗೆ 9 ಎಕರೆಯವರೆಗೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಎಂಬ ಹಳೆಯ ಏರ್ಪಾಡು ಇಲ್ಲಿ ಬಂದದ್ದೇ ಈ ಅಗತ್ಯದಿಂದ. ಬೆಟ್ಟದ ಸೊಪ್ಪು ದನದ ಕಾಲಡಿ ಹಾಯ್ದು ಬಂದಾಗಲೇ ಮರದ ಬುಡಕ್ಕೆ ಒಗ್ಗುವ ಗೊಬ್ಬರವಾಗುತ್ತದೆ, ಮತ್ತು ಆ ದಾರಿಯಲ್ಲಿ ನನ್ನ ಬೆಳಗಿನ ಒಂದು ಗಂಟೆಯೂ ಸೇರಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಕೊಟ್ಟಿಗೆಯಿಂದ ಬರುವಾಗ ಅತ್ತೆಯವರು ಮಜ್ಜಿಗೆ ಕಡೆಯುತ್ತಿದ್ದರು. ಈ ಚಳಿಗೆ ಬೆಣ್ಣೆ ಬೇಗ ಕೂಡುವುದಿಲ್ಲ; ಸ್ವಲ್ಪ ಬಿಸಿನೀರು ಹಾಕಿ, ಕಡೆಗೋಲಿನ ಸದ್ದು ಬದಲಾಗುವುದನ್ನು ಕೇಳಿ ನಿಲ್ಲಿಸಬೇಕು. ಮಗಳು ಹೂ ಕೊಯ್ದು ತಂದಳು. ಮಾವನವರ ಪೂಜೆ ಮುಗಿಯುತ್ತಿದ್ದಂತೆ ಮಕ್ಕಳು ಹೋದ ವರ್ಷದ ಆಲೆಮನೆಯ ಜೋನಿಬೆಲ್ಲ (ನೀರುಬೆಲ್ಲ), ತುಪ್ಪ ಹಾಕಿಕೊಂಡು ತೆಳ್ಳೇವು ತಿಂದು ಬಸ್ಸಿಗೆ ಓಡಿದರು.

ನಮ್ಮವರು ಅಷ್ಟರಲ್ಲಿ ಅಬ್ಬಿಯ (ಬೆಟ್ಟದಿಂದ ಹರಿದು ಬರುವ ನೀರು) ಬಾಯಿಗೆ ಸಿಕ್ಕಿದ ಎಲೆ ತೆಗೆದು, ಮನೆಗೆ ನೀರು ಸರಿಯಾಗಿ ಬರುವಂತೆ ಮಾಡಿ ಬಂದಿದ್ದರು. ಆಮೇಲೆ ಇಬ್ಬರೂ ಸೇರಿ ಬೇಯಿಸಿದ ಅಡಿಕೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಸಿದೆವು. ಹೊದಿಕೆಯನ್ನು ಬೇಗ ತೆಗೆದರೆ ಇಬ್ಬನಿ ಇಳಿಯುತ್ತದೆ, ತಡಮಾಡಿದರೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಈ ತಿಂಗಳ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮೋಡ ಕವಿದಾಗ ಹರವಿದ್ದ ರಾಶಿಯನ್ನು ಒಳಗೆ ಹಾಕಿ ಹೊಗೆ ಕೊಡಬೇಕಾಯಿತು. ಅದರ ಬಣ್ಣ ಕೊಂಚ ಇಳಿದಿದೆ, ವ್ಯಾಪಾರಿಗಳ ಕಣ್ಣಿಗೆ ಅದು ಬೀಳದೆ ಇರದು. ಇಂದಿನದು ಒಳ್ಳೆಯ ಬಿಸಿಲು.

ಎಂಟೂವರೆಗೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಬಂದು ಕಷಾಯ ಕುಡಿದು ತೋಟಕ್ಕೆ ಇಳಿದರು. ಕೆಳಗಿನ ಭಾಗದ ಮರಗಳಲ್ಲಿ ಎಲೆಚುಕ್ಕಿ ರೋಗ ಎಷ್ಟು ಮೇಲೇರಿದೆ ಎಂದು ಹತ್ತಿರದಿಂದ ನೋಡಿ ಹೇಳಲು ಅವರಿಗೆ ತಿಳಿಸಿದ್ದೇವೆ. ನಾಳೆ ಭಾನುವಾರ ಮಕ್ಕಳಿಗೆ ರಜೆ. ದರಕು (ಉದುರಿದ ಒಣ ಎಲೆ) ಗುಡಿಸುವ ಮೊದಲು ಬೆಟ್ಟದ ದಾರಿಯ ಮುಳ್ಳು ಸವರಬೇಕೆಂದು ಮಾವನವರು ಕತ್ತಿ ಮಸೆದಿಟ್ಟಿದ್ದಾರೆ.