ಖಿಂಕಲಿಯ ಜುಟ್ಟು ಹಿಡಿದು: ಟಿಬಿಲಿಸಿಯಲ್ಲೊಂದು ಊಟ

ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯ ರುಸ್ತಾವೇಲಿ ರಸ್ತೆ ಮುಗಿಸಿ, ಫ್ರೀಡಂ ಸ್ಕ್ವೇರ್ ದಾಟಿ ಸೊಲೊಲಾಕಿಯ ಏರುಗಲ್ಲಿಗಳಿಗೆ ಹೊಕ್ಕರೆ ಅಲ್ಲಲ್ಲಿ ನೆಲಮಾಳಿಗೆಯ ಹೋಟೆಲುಗಳು ಸಿಗುತ್ತವೆ. ನಾಲ್ಕು ಮೆಟ್ಟಿಲು ಇಳಿದರೆ ಇಟ್ಟಿಗೆ ಗೋಡೆ, ದಪ್ಪ ಮರದ ಮೇಜು, ಒಳಗಿಂದ ಬರುವ ಕೊತ್ತಂಬರಿ ಮತ್ತು ಬೆಳ್ಳುಳ್ಳಿಯ ವಾಸನೆ. ಮೆನು ಕೈಗೆ ಬಂದಾಗ ಕನ್ನಡಿಗರ ಕಣ್ಣು ಒಂದು ಗಳಿಗೆ ಮೋಸ ಹೋಗುತ್ತದೆ. ಜಾರ್ಜಿಯನ್ ಲಿಪಿಯ 33 ಅಕ್ಷರಗಳು ನಮ್ಮವುಗಳ ದೂರದ ನೆಂಟರಂತೆ ದುಂಡದುಂಡಗೆ ಕೂತಿರುತ್ತವೆ, ಓದಲು ಹೋದರೆ ಒಂದೂ ದಕ್ಕುವುದಿಲ್ಲ. ಪೇಟೆಯ ಹೆಚ್ಚಿನ ಕಡೆ ಇಂಗ್ಲಿಷ್ ಮೆನು ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಹೊಸಬರು ಎಡವುವುದು ಆರ್ಡರ್ ಕೊಡುವಾಗಲೇ. ಇಲ್ಲಿ ಮೊದಲು ಸೂಪು, ಆಮೇಲೆ ಊಟ, ಕೊನೆಗೆ ಸಿಹಿ ಎಂಬ ಸಾಲು ಇಲ್ಲ. ಯಾವುದು ಬೆಂದಿತೋ ಅದು ಮೇಜಿಗೆ ಬರುತ್ತದೆ, ಎಲ್ಲರೂ ನಡುವಿನಿಂದ ಹಂಚಿಕೊಂಡು ತಿನ್ನಬೇಕು. ಒಂದೊಂದು ತಟ್ಟೆಯೂ ಇಬ್ಬರ ಲೆಕ್ಕದ್ದು. ಇಬ್ಬರು ಹೋದರೆ ವಾಲ್‌ನಟ್ ಹಾಕಿದ ತಣ್ಣನೆಯ ಪದಾರ್ಥ ಒಂದು, ಚೀಸ್ ರೊಟ್ಟಿ ಖಚಪುರಿ ಒಂದು, ಮಣ್ಣಿನ ಮಡಕೆಯ ಕಾಳಿನ ಸಾರು ಲೋಬಿಯೊ ಒಂದು, ಖೀಮಾ ತುಂಬಿ ಬೇಯಿಸಿದ ಕಡುಬಿನಂಥ ಖಿಂಕಲಿ ಐದಾರು: ಇಷ್ಟಕ್ಕೇ ಹೊಟ್ಟೆ ಬಿರಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಹೇಳಿಬಿಟ್ಟರೆ ಖಚಪುರಿಯೂ ಖಿಂಕಲಿಯೂ ಒಂದೇ ಹೊತ್ತಿಗೆ ಬಂದು ಕೂರುತ್ತವೆ. ಎರಡೂ ಬಿಸಿಯಲ್ಲೇ ತಿನ್ನಬೇಕಾದವು. ಖಚಪುರಿ ಆರಿದರೆ ಒಳಗಿನ ಚೀಸ್ ರಬ್ಬರಿನಂತೆ ಗಟ್ಟಿಯಾಗುತ್ತದೆ, ಖಿಂಕಲಿ ಆರಿದರೆ ಒಳಗಿನ ರಸದ ಜಿಡ್ಡು ಹೆಪ್ಪುಗಟ್ಟಿ ನಾಲಿಗೆಗೆ ಅಂಟುತ್ತದೆ. ಹೀಗಾಗಿ ಖಚಪುರಿ ಅರ್ಧ ಮುಗಿದ ಮೇಲೆ ಖಿಂಕಲಿ ಹೇಳುವುದು ಒಳ್ಳೆಯದು. ಹೇಳಿದ ಮೇಲೆಯೇ ಬೇಯಿಸುವ ಕಡೆ ಕಾಯುವುದೂ ಇದ್ದೇ ಇದೆ.

ಖಿಂಕಲಿಯನ್ನು ಬಿಡಿ ಎಣಿಕೆಯಲ್ಲಿ ಮಾರುತ್ತಾರೆ. ಎಷ್ಟೋ ಕಡೆ ಒಂದು ಬಗೆಯದ್ದು ಕನಿಷ್ಠ ಐದು ತೆಗೆದುಕೊಳ್ಳಲೇಬೇಕು. ಮೈದಾ ಹಾಳೆಯ ನಡುವೆ ಹಸಿ ಖೀಮಾ ಇಟ್ಟು, ಅಂಚನ್ನು ಮೋದಕದ ಹಾಗೆ ನೆರಿಗೆ ಹಿಡಿದು, ಮೇಲೆ ಜುಟ್ಟು ಕಟ್ಟಿ ಕುದಿಯುವ ನೀರಿಗೆ ಬಿಡುತ್ತಾರೆ. ಖೀಮಾ ಕಲಸುವಾಗಲೇ ನೀರು ಸೇರಿಸಿ ಸಡಿಲ ಮಾಡಿರುತ್ತಾರೆ. ಬೆಂದಾಗ ಆ ನೀರು ಮಾಂಸದ ಸತ್ವದೊಂದಿಗೆ ಸೇರಿ ಒಳಗೇ ಸಾರಾಗಿ ನಿಲ್ಲುತ್ತದೆ. ಖಿಂಕಲಿಯ ಜೀವ ಇರುವುದು ಆ ಸಾರಿನಲ್ಲಿ, ಫೋರ್ಕ್ ಚುಚ್ಚಿದರೆ ಅದು ಪೂರ್ತಿ ತಟ್ಟೆಪಾಲು.

ತಟ್ಟೆ ಬಂದ ಕೂಡಲೇ ಮೇಲೆ ಕಾಳುಮೆಣಸಿನ ಪುಡಿ ಧಾರಾಳವಾಗಿ ಉದುರಿಸಿ, ಎರಡು ನಿಮಿಷ ಸುಮ್ಮನಿರಿ. ಹೊರಗಿನ ಹಿಟ್ಟು ಬೇಗ ಆರುತ್ತದೆ, ಒಳಗಿನ ಸಾರು ಆರುವುದಿಲ್ಲ. ಆತುರಪಟ್ಟವರ ಅಂಗುಳ ಸುಡುವುದು ಇದರಿಂದಲೇ. ಆಮೇಲೆ ಜುಟ್ಟನ್ನು ಮೂರು ಬೆರಳಲ್ಲಿ ಹಿಡಿದು ಎತ್ತಿ, ತಲೆಕೆಳಗು ಮಾಡಿ. ಈಗ ಜುಟ್ಟು ಕೆಳಗೆ, ಹೊಟ್ಟೆ ಮೇಲೆ. ಪಕ್ಕದಲ್ಲಿ ಸಣ್ಣದಾಗಿ ಕಚ್ಚಿ, ಕಚ್ಚಿದ ಬಾಯಿಯಲ್ಲೇ ಸಾರು ಹೀರಿ, ಉಳಿದದ್ದನ್ನು ಎರಡು ಮೂರು ತುತ್ತಿಗೆ ಮುಗಿಸಿ. ದೊಡ್ಡದಾಗಿ ಕಚ್ಚಿದರೆ ಸಾರು ಮೊಣಕೈವರೆಗೆ ಹರಿಯುತ್ತದೆ. ನೆರಿಗೆಗಳೆಲ್ಲ ಕೂಡುವ ಜುಟ್ಟಿನ ಹಿಟ್ಟು ದಪ್ಪಗಿರುವುದರಿಂದ ಅರೆಬೆಂದಿರುತ್ತದೆ, ಅದನ್ನು ತಿನ್ನದೆ ತಟ್ಟೆಯ ಅಂಚಿಗೆ ಇಡುವುದೇ ರೂಢಿ.

ಮೆನುವಿನಲ್ಲಿ 'ಕಲಕುರಿ' ಎಂದಿದ್ದರೆ ಪೇಟೆಯ ಬಗೆ, ಖೀಮಾದ ಜೊತೆ ಕೊತ್ತಂಬರಿ ಸೊಪ್ಪಿನಂಥವು ಸೇರಿರುತ್ತವೆ. 'ಮ್ತಿಯುಲುರಿ' ಎಂದರೆ ಬೆಟ್ಟದ ಸೀಮೆಯ ಬಗೆ, ಸೊಪ್ಪಿಲ್ಲ. ಎರಡರಲ್ಲೂ ಸಾಮಾನ್ಯವಾಗಿ ದನದ ಮಾಂಸ ಮತ್ತು ಹಂದಿ ಮಾಂಸ ಬೆರೆತಿರುತ್ತದೆ, ಬೇಡದವರು ಮೊದಲೇ ಕೇಳಬೇಕು. ಮಾಂಸ ತಿನ್ನದವರಿಗೆ ಸೋಕೊ ಅಂದರೆ ಅಣಬೆ, ಕರ್ತೊಪಿಲಿ ಅಂದರೆ ಆಲೂಗಡ್ಡೆ, ಖ್ವೆಲಿ ಅಂದರೆ ಚೀಸ್ ತುಂಬಿದವು ಸಿಗುತ್ತವೆ. ಆಲೂಗಡ್ಡೆಯದರಲ್ಲಿ ಹೀರಲು ಸಾರು ಇರುವುದಿಲ್ಲ. ರುಚಿಗೆ ಅಣಬೆಯದೇ ವಾಸಿ. ಆದರೆ ಮಾಂಸದ ಖಿಂಕಲಿ ಬೆಂದ ನೀರಿನಲ್ಲೇ ಇವನ್ನೂ ಬೇಯಿಸಿರಬಹುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಖಿಂಕಲಿ ಬಿಟ್ಟು ಬೇರೆ ಕಡೆ ಕೈ ಹಾಕುವುದೇ ಲೇಸು.

ಬೇರೆಯದೇನು ಕಡಿಮೆ ಇಲ್ಲ. ಆರ್ಥಡಾಕ್ಸ್ ಕ್ರೈಸ್ತರ ಉಪವಾಸದ ಊಟಕ್ಕೆ 'ಸಮರ್ಖ್ವೊ' ಎನ್ನುತ್ತಾರೆ. ಮಾಂಸ, ಹಾಲು, ಮೊಟ್ಟೆ ಮೂರೂ ಇಲ್ಲದ್ದು. ಬುಧವಾರ, ಶುಕ್ರವಾರ, ಈಸ್ಟರಿನ ಮುಂಚಿನ ವಾರಗಳು, ನವೆಂಬರ್ 28ರಿಂದ ಜನವರಿ 6ರವರೆಗೆ ಇಂಥ ಅಡುಗೆಗೆ ಬೇಡಿಕೆ ಹೆಚ್ಚು. 'ವೆಜಿಟೇರಿಯನ್' ಎಂದರೆ ಕೋಳಿ ಪರವಾಗಿಲ್ಲವೇ ಎಂದು ಕೇಳುವ ಪರಿಚಾರಕನಿಗೂ ಸಮರ್ಖ್ವೊ ಎಂದರೆ ಥಟ್ಟನೆ ಗೊತ್ತಾಗುತ್ತದೆ. 'ಖೊರ್ತ್ಸಿಸ್ ಗಾರೆಶೆ', ಅಂದರೆ ಮಾಂಸವಿಲ್ಲದೆ, ಎಂಬುದನ್ನೂ ಬಾಯಿಪಾಠ ಮಾಡಿಕೊಳ್ಳಿ. ಮೀನು ಕೆಲವು ಉಪವಾಸದ ದಿನಗಳಲ್ಲಿ ನಡೆಯುತ್ತದೆ, ಅದನ್ನು ಬೇರೆಯಾಗಿ ಬೇಡ ಎನ್ನಬೇಕು.

ಹೀಗೆ ಸಿಗುವುದರಲ್ಲಿ ಮೊದಲನೆಯದು ಪ್ಖಲಿ: ಬೇಯಿಸಿ ಹಿಂಡಿದ ಪಾಲಕ್ ಅಥವಾ ಬೀಟ್‌ರೂಟನ್ನು ವಾಲ್‌ನಟ್, ಬೆಳ್ಳುಳ್ಳಿ, ವಿನಿಗರ್ ಜೊತೆ ಅರೆದು ಕಟ್ಟಿದ ಉಂಡೆ, ಮೇಲೆ ದಾಳಿಂಬೆ ಕಾಳು. ಇನ್ನೊಂದು ಬದ್ರಿಜಾನಿ: ಉದ್ದಕ್ಕೆ ಸೀಳಿ ಕರಿದ ಬದನೆಕಾಯಿಯ ಸುರುಳಿಯೊಳಗೆ ಅದೇ ಬಗೆಯ ವಾಲ್‌ನಟ್ ಮಸಾಲೆ. ಆ ಮಸಾಲೆಯ ಹಿಂದೆ ಮೂಗಿಗೆ ತಟ್ಟುವ ಪರಿಚಿತ ಘಮ ನಮ್ಮ ಮೆಂತ್ಯದ ಸೋದರಿ, ನೀಲಿ ಮೆಂತ್ಯ. ಕಹಿ ಕಡಿಮೆ. ಅದರ ಜಾರ್ಜಿಯನ್ ಹೆಸರು 'ಉತ್ಸ್ಖೊ ಸುನೆಲಿ', ಅರ್ಥ ಪರದೇಶದ ಮಸಾಲೆ. ಕಾಯಿಪಲ್ಯೆ ಬೇಕೆಂದವರಿಗೆ ಬದನೆ, ಟೊಮೆಟೊ, ದೊಣ್ಣೆಮೆಣಸಿನ ಅಜಪ್ಸಂದಲಿ ಇದೆ. ಲೋಬಿಯೊ ಎಂದರೆ ಕೆಂಪು ಕಾಳನ್ನು ಅರೆಬರೆ ಮಸೆದು ಮಡಕೆಯಲ್ಲೇ ಕೊಡುವ ಗಟ್ಟಿ ಸಾರು. ಅದರೊಂದಿಗೆ ಮೆಕ್ಕೆಜೋಳದ ಮ್ಚಾದಿ ರೊಟ್ಟಿ ಮತ್ತು ಉಪ್ಪಿನಕಾಯಿಯನ್ನು ಬೇರೆಯಾಗಿ ಹೇಳಬೇಕಾಗಬಹುದು. ಮರೆತರೆ ಲೋಬಿಯೊ ಒಂಟಿಯಾಗಿ ಬಂದು ಸಪ್ಪೆ ಎನಿಸುತ್ತದೆ. ಕಾಳು ತುಂಬಿದ ಲೋಬಿಯಾನಿ ರೊಟ್ಟಿಯ ಬಗ್ಗೆ ಮಾತ್ರ ಎಚ್ಚರ ಬೇಕು. ರಾಚಾ ಪ್ರಾಂತದ ಬಗೆಯಲ್ಲಿ ಹಂದಿಯ ಹ್ಯಾಮ್ ಇರುತ್ತದೆ.

ಖಚಪುರಿಯಲ್ಲಿ ಇಮೆರುಲಿ ದುಂಡಗೆ, ಚೀಸ್ ಒಳಗೆ ಮಾತ್ರ. ಮೆಗ್ರುಲಿಗೆ ಮೇಲೂ ಚೀಸ್. ಮೊಟ್ಟೆ ಬೇಡದವರು ಇವೆರಡರ ಬಗ್ಗೆಯೂ ಕೇಳಿಯೇ ತೀರಬೇಕು, ಚೀಸಿನೊಳಗೆ ಮೊಟ್ಟೆ ಕಲಸುವುದೂ ಮೇಲೆ ಸವರುವುದೂ ಉಂಟು. ಕಪ್ಪು ಸಮುದ್ರದ ದಡದ ಅಜಾರಾದಿಂದ ಬಂದ ಅಜರುಲಿ ದೋಣಿಯಾಕಾರದ್ದು, ನಡುವೆ ಮೊಟ್ಟೆಯ ಹಸಿ ಹಳದಿ ಮತ್ತು ಬೆಣ್ಣೆಯ ತುಂಡು. ಅದನ್ನು ಫೋಟೊ ತೆಗೆಯುತ್ತಾ ಕೂತರೆ ಕೆಟ್ಟಿತು. ಮೊಟ್ಟೆ ಬೇಯಬೇಕಾದದ್ದು ಕರಗಿದ ಚೀಸಿನ ಬಿಸಿಯಲ್ಲಿ, ಆದ್ದರಿಂದ ಬಂದ ಕೂಡಲೇ ಫೋರ್ಕಿನಿಂದ ಮೂರನ್ನೂ ಗರಗರ ಕಲಸಬೇಕು. ಆಮೇಲೆ ದೋಣಿಯ ಮೂತಿ ಮುರಿದು ಅದರಲ್ಲಿ ಅದ್ದಿ ತಿನ್ನುತ್ತಾ ಒಳಬದಿಗೆ ಬನ್ನಿ. ಚಾಕುವಿನಲ್ಲಿ ನಡುವೆ ಕುಯ್ದರೆ ಚೀಸೆಲ್ಲ ಹೊರಗೆ.

ಕುಡಿಯಲು ಬೊರ್ಜೊಮಿ ಎಂದರೆ ಉಪ್ಪುಪ್ಪಾದ ಗ್ಯಾಸಿನ ಖನಿಜ ನೀರು ಬರುತ್ತದೆ. ಇಷ್ಟು ಜಿಡ್ಡಿನ ಊಟಕ್ಕೆ ಅದು ಸರಿಯೇ, ಬಾಯಾರಿಕೆಗಲ್ಲ. ಟ್ಯಾರಗನ್ ಎಲೆಯ ಹಸಿರು ಶರಬತ್ತು 'ತಾರ್ಖುನ' ಮಕ್ಕಳಿಗೆ ಹಿಡಿಸುತ್ತದೆ. ವೈನ್ ಕುಡಿಯುವವರು ಕ್ವೆವ್ರಿಯದ್ದನ್ನು ಕೇಳಬಹುದು. ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹಂಡೆಯಲ್ಲಿ ಹುಳಿಸುವ ಈ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಳಿ ದ್ರಾಕ್ಷಿಯ ಸಿಪ್ಪೆಯನ್ನೂ ಜೊತೆಗೇ ಹುಳಿಸುವುದರಿಂದ ವೈನ್ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಚಹಾದಂಥ ಒಗರು ಬರುತ್ತದೆ. ಸಿಹಿ ನಿರೀಕ್ಷಿಸಿದವರಿಗೆ ಮೊದಲ ಗುಟುಕು ಕಷ್ಟ. ಖಿಂಕಲಿಯ ಜೊತೆ ಮಾತ್ರ ಊರವರು ಬಿಯರ್ ತರಿಸುತ್ತಾರೆ. ಪಕ್ಕದ ಮೇಜಿನವರು ಲೋಟ ಎತ್ತಿ 'ಗೌಮರ್ಜೊಸ್' ಎಂದರೆ ನೀರಿನ ಲೋಟ ಹಿಡಿದಾದರೂ ಅದೇ ಮಾತು ಹಿಂತಿರುಗಿಸಿ.

ಬಿಲ್ಲಿಗೆ 'ಅಂಗಾರಿಷಿ' ಎನ್ನಬೇಕು. ಮೆನುವಿನ ಬೆಲೆಯ ಮೇಲೆ ಎಷ್ಟೋ ಕಡೆ 10ರಿಂದ 18 ಶೇಕಡಾ ಸೇವಾಶುಲ್ಕ ಬೀಳುತ್ತದೆ. ಆ ಮಾತು ಮೆನುವಿನ ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಆರ್ಡರಿಗೆ ಮೊದಲೇ ನೋಡಿಕೊಳ್ಳಿ. ಅದು ಬಿಲ್ಲಿನಲ್ಲಿದ್ದರೆ ಬೇರೆ ಟಿಪ್ಸ್ ಕೊಡಬೇಕಾದ ಹಂಗಿಲ್ಲ. ರೊಟ್ಟಿ, ತ್ಕೆಮಲಿ ಎಂಬ ಹುಳಿ ಪ್ಲಮ್ ಚಟ್ನಿ, ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ಖಿಂಕಲಿಯ ಎಣಿಕೆಯಲ್ಲಿ ಅನುಮಾನ ಬಂದರೆ ತಟ್ಟೆಯಂಚಿನ ಜುಟ್ಟುಗಳನ್ನು ಎಣಿಸಿದರಾಯಿತು. ನಾಲ್ಕಾರು ಖಿಂಕಲಿ ಉಳಿದಿದ್ದರೆ ಒಳಗೆ ಕೊಟ್ಟು ಹುರಿದು ತರಲು ಹೇಳಿ. ಸಾರು ಹೋದರೂ ಹೊಂಬಣ್ಣದ ಗರಿಗರಿ ಸಿಪ್ಪೆ ಬರುತ್ತದೆ. ಆಗ ಫೋರ್ಕ್ ಚುಚ್ಚಬಹುದು.